ಈ ಬಡವನನ್ನು ಕರೆಯುವ ಟೂಲು

ನಮ್ಮ ಭಾವನಿಗೆ ಒಬ್ಬರನ್ನು ಇನ್ನೊಬ್ಬರಿಗೆ ಸುಮ್ಮನೆ ಪರಿಚಯ ಮಾಡಿಕೊಡುವುದು ಬರುವುದಿಲ್ಲ. ಬೇರೆ ಯಾವ ದುರಭ್ಯಾಸವೂ ಇಲ್ಲದ ಮನುಷ್ಯ. ಸಿಗರೇಟು ಮುಟ್ಟಿದವರಲ್ಲ, ಇಸ್ಪೀಟು ಹಿಡಿದವರಲ್ಲ, ಕತ್ತಲಾಗುವುದರೊಳಗೆ ಮನೆ ಸೇರದಿದ್ದರೆ ಅವರಿಗೇ ಗಾಬರಿಯಾಗುತ್ತದೆ. ಆದರೆ ಇಬ್ಬರು ಅಪರಿಚಿತರು ಎದುರುಬದುರಾದರೆ ಸಾಕು, ಗಂಟಲು ಸರಿಮಾಡಿಕೊಂಡು ಶುರು ಹಚ್ಚುತ್ತಾರೆ. ನಲ್ಲಿ ರಿಪೇರಿಯವನು 'ಜಲವಿದ್ಯೆಯನ್ನು ಅರೆದು ಕುಡಿದವರು'. ಪಕ್ಕದ ಮನೆಯ ಹಲ್ಲಿನ ಡಾಕ್ಟರು 'ಈ ಬೀದಿಯ ಸಮಸ್ತ ಮುಗುಳ್ನಗೆಗಳಿಗೆ ಕಾರಣಕರ್ತರು'. ನಾನು ಅವರ ಹೆಂಡತಿಯ ತಮ್ಮ, ಒಂದು ಔಷಧದ ಅಂಗಡಿ ಇಟ್ಟುಕೊಂಡವನು. ನನ್ನನ್ನು 'ವೈದ್ಯಲೋಕದ ಬೆನ್ನೆಲುಬು' ಎಂದು ಸಿಕ್ಕಸಿಕ್ಕವರಿಗೆಲ್ಲ ಪರಿಚಯಿಸಿದ್ದರ ಫಲವಾಗಿ ಒಂದು ದಿನ ನಾಲ್ಕು ಜನ ಸೇರಿ ಕಾಲು ಮುರಿದವನೊಬ್ಬನನ್ನು ಕುರ್ಚಿ ಸಮೇತ ಹೊತ್ತು ತಂದು ನನ್ನ ಕೌಂಟರಿನ ಮೇಲೆ ಇಟ್ಟರು. ನಾನು ನಡುಗುತ್ತಾ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರೆ, "ಎಷ್ಟು ದೊಡ್ಡ ಡಾಕ್ಟರು, ವಿನಯ ನೋಡಿ" ಎಂದು ಮಾತಾಡಿಕೊಂಡರು.

ಇದಕ್ಕೆ ಭಾವನನ್ನು ದೂರಿ ಪ್ರಯೋಜನವಿಲ್ಲ, ಕಸುಬು ಅಂಥದ್ದು. ನನ್ನ ಅಂಗಡಿಯ ಎದುರಿಗಿರುವ ಮುದ್ರಣಾಲಯದಲ್ಲಿ ಅವರು ಪುಟ ಕಟ್ಟುತ್ತಾರೆ. ಅಂದರೆ ಕಂಪ್ಯೂಟರಿನ ಮುಂದೆ ಕೂತು ಹಾಳೆಯ ಮೇಲೆ ಅಕ್ಷರ ಎಲ್ಲಿ ಬರಬೇಕು, ಚಿತ್ರ ಎಲ್ಲಿ ಕೂರಬೇಕು, ಅಂಚು ಎಷ್ಟು ಬಿಡಬೇಕು ಎಂದು ಹೊಂದಿಸುವುದು. ಆ ಮುದ್ರಣಾಲಯದ ಹೊಟ್ಟೆ ತುಂಬುವುದೇ ಸನ್ಮಾನಪತ್ರಗಳಿಂದ. ನಿವೃತ್ತರಾದ ಗುಮಾಸ್ತರು, ವರ್ಗವಾದ ಅಧಿಕಾರಿಗಳು, ಎದುರಾಳಿಯೇ ಇಲ್ಲದೆ ಗೆದ್ದ ಸಂಘದ ಅಧ್ಯಕ್ಷರು, ಎಲ್ಲರ ಗುಣಗಾನವೂ ಭಾವನ ಕೈಯಿಂದಲೇ ಹಾದುಹೋಗಬೇಕು. ಗಾಣದಲ್ಲಿ ದುಡಿಯುವವನ ಬಟ್ಟೆಗೆ ಎಣ್ಣೆ ಹತ್ತದೆ ಇರುತ್ತದೆಯೇ?

ಇಷ್ಟೆಲ್ಲ ಹೊಗಳಿಕೆ ಹೊರಗಿನವರಿಗೆ ಮಾತ್ರ. ತಮ್ಮದು ಅನ್ನುವುದರ ವಿಷಯ ಬಂದರೆ ಭಾವ ಪೂರ್ತಿ ಉಲ್ಟಾ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ಬಹುಶಃ ಅವರ ಹಿತ್ತಲಲ್ಲೇ. ಮನೆ, ಮಕ್ಕಳು, ಗಂಡ, ಮೂರನ್ನೂ ಒಂದೇ ಕೈಯಲ್ಲಿ ನಡೆಸುವ ನಮ್ಮ ಅಕ್ಕನನ್ನು, "ಇವಳು ನಮ್ಮನೆಯವಳು, ಪಾಪ, ಏನೂ ತಿಳಿಯಲ್ಲ" ಎಂದು ಪರಿಚಯಿಸುತ್ತಾರೆ. ಇನ್ನು ತಮ್ಮ ಬಗ್ಗೆ ಕೇಳಿದರಂತೂ, "ನಾನೇನು ಸ್ವಾಮಿ, ಮೂಲೇಲಿ ಬಿದ್ದಿರೋ ಬಡವ" ಎಂದು ಮೂಲೆ ಹುಡುಕಿಕೊಂಡು ಹೋಗಿ ನಿಲ್ಲುತ್ತಾರೆ.

ಇಂಥವರ ಕೈಗೆ ಮುದ್ರಣಾಲಯದ ಯಜಮಾನರು ಒಂದು ಎಐ ಏಜೆಂಟನ್ನು ತಂದು ಕೊಟ್ಟರು.

ಅದನ್ನು ಕಂಪ್ಯೂಟರಿನಲ್ಲಿ ಕೂರಿಸಲು ಕಂಪನಿಯಿಂದ ಒಬ್ಬ ಹುಡುಗಿ ಬಂದಿದ್ದಳು. ತಲೆನೋವಿನ ಮಾತ್ರೆಗೆಂದು ನನ್ನ ಅಂಗಡಿಗೆ ಬಂದಾಗ ಗೊತ್ತಾಯಿತು, ಬಹಳ ಚುರುಕು. ಅವಳು ಭಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿರುವ ಒಂದೊಂದು ಕೆಲಸವೂ ಏಜೆಂಟಿನ ಕೈಗೆ ಒಂದೊಂದು ಟೂಲು. ಅಕ್ಷರ ಕುಗ್ಗಿಸುವುದು ಒಂದು ಟೂಲು, ಚಿತ್ರ ಕೂರಿಸುವುದು ಒಂದು ಟೂಲು, ಪುಟ ಸೇರಿಸುವುದು ಇನ್ನೊಂದು.

"ಅದಕ್ಕೆ ಈ ಟೂಲುಗಳು ಯಾವುದೂ ಮೊದಲೇ ಗೊತ್ತಿರಲ್ಲ ಸರ್. ನೀವು ಬರೆಯೋ ವಿವರಣೆ ಓದಿಕೊಂಡೇ ಯಾವುದನ್ನ ಯಾವಾಗ ತಗೋಬೇಕು ಅಂತ ತೀರ್ಮಾನ ಮಾಡುತ್ತೆ. ಅದಕ್ಕೇ ಒಂದೊಂದನ್ನೂ ಸರಿಯಾಗಿ ಪರಿಚಯ ಮಾಡಿಕೊಡಿ" ಅಂದಳಂತೆ.

ಪರಿಚಯ! ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು. "ಆ ವಿಷಯ ನನಗೆ ಬಿಡಮ್ಮ, ಈ ಬೀದಿಯಲ್ಲಿ ಯಾರನ್ನ ಬೇಕಾದ್ರೂ ಕೇಳು" ಅಂದರು ಭಾವ. ಹುಡುಗಿ ಹೊರಗಿನವಳು, ಯಾರನ್ನೂ ಕೇಳದೆ ಹೊರಟುಹೋದಳು.

ಭಾವ ಎರಡು ದಿನ ಊಟ ತಿಂಡಿ ಮರೆತು ಬರೆದರು. ಆಮೇಲೆ ಆ ವಿವರಣೆಗಳನ್ನು ಓದುವ ಭಾಗ್ಯ ನನಗೂ ಸಿಕ್ಕಿತಾದ್ದರಿಂದ ಒಂದೆರಡನ್ನು ಇಲ್ಲಿ ಹೇಳಿಬಿಡುತ್ತೇನೆ. ಪುಟದ ಸುತ್ತ ಹೂಬಳ್ಳಿ ಹಾಕುವ ಟೂಲೊಂದಿದೆ. ಆ ಬಳ್ಳಿಯನ್ನು ಬಿಡಿಸಿದವರು ಭಾವನಿಗೆ ಕೆಲಸ ಕಲಿಸಿದ ಹಿರಿಯರು. ಅಂದಮೇಲೆ ಕೇಳಬೇಕೇ? 'ಬಳ್ಳಿಯ ಅಂಚು: ಪೂಜ್ಯ ಗುರುಗಳ ಕರಕಮಲದಲ್ಲಿ ಅರಳಿದ್ದು. ಯಾವ ಪುಟಕ್ಕಾದರೂ ಸಲ್ಲುತ್ತದೆ. ಇದಿಲ್ಲದ ಪುಟ ಪುಟವೇ ಅಲ್ಲ. ಎಷ್ಟು ಅಗಲ ಬಳಸಿದರೂ ಕಣ್ಣು ತಣಿಯದು.' ಅದರ ಕೆಳಗೆ, 'ಕುಗ್ಗಿಸುವುದು: ಸಹನಾಮೂರ್ತಿ. ಅಕ್ಷರವಿರಲಿ ಚಿತ್ರವಿರಲಿ, ಎಂಥ ಇಕ್ಕಟ್ಟಿನಲ್ಲೂ ಎಲ್ಲರಿಗೂ ಜಾಗ ಮಾಡಿಕೊಡುವ ಉದಾರಿ. ಇವರ ಸೇವೆಯನ್ನು ಎಷ್ಟು ಪಡೆದರೂ ಕಡಿಮೆಯೇ.' ಪುಟ ಸೇರಿಸುವ ಟೂಲು ಕಾಗದ ತಿನ್ನುತ್ತದೆ, ಕಾಗದ ಎಂದರೆ ತಮ್ಮ ಮುದ್ರಣಾಲಯದ್ದು. ಆದ್ದರಿಂದ, 'ಸ್ವಲ್ಪ ದುಂದಿನ ಕೈ. ದೂರವಿಟ್ಟರೆ ಕ್ಷೇಮ.' ಮಾಡಿದ್ದನ್ನು ರದ್ದು ಮಾಡುವ ಟೂಲಿಗೆ, 'ಇಟ್ಟ ಹೆಜ್ಜೆ ಹಿಂದೆಗೆಯುವುದು ಸಭ್ಯರ ಲಕ್ಷಣವಲ್ಲ. ತಮ್ಮಂಥವರಿಗೆ ಇದರ ಅಗತ್ಯ ಬೀಳದು.'

ಕೊನೆಯಲ್ಲಿ ಇನ್ನೊಂದು ಟೂಲಿತ್ತು. ಏಜೆಂಟಿಗೆ ಏನಾದರೂ ಅನುಮಾನ ಬಂದರೆ ಭಾವನನ್ನೇ ಕೇಳುವುದಕ್ಕೆ ಇರುವಂಥದ್ದು. ಅದನ್ನು ಬರೆಯುವಾಗ ಭಾವನಿಗೆ ನಾಚಿಕೆಯಾಗಿರಬೇಕು. 'ಇದು ಈ ಬಡವನನ್ನು ಕರೆಯುವ ಟೂಲು. ಇವನಿಂದ ಆಗುವಂಥದ್ದೇನೂ ಇಲ್ಲ. ತಮ್ಮ ಅಮೂಲ್ಯ ಸಮಯವನ್ನು ಇವನ ಮೇಲೆ ವ್ಯರ್ಥ ಮಾಡಬಾರದಾಗಿ ವಿನಂತಿ.'

ಆ ವಾರ ಭಾವ ಮತ್ತು ಅಕ್ಕ ನಮ್ಮ ಮನೆಗೆ ಊಟಕ್ಕೆ ಬಂದರು. ನಮ್ಮ ಮನೆ ಎಂದರೆ ನಾನು ಮತ್ತು ನಮ್ಮ ಅಪ್ಪ. ಅಪ್ಪ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದು ನಿವೃತ್ತರಾದವರು. ಕೆಂಪು, ಹಸಿರು, ನಡುವೆ ಒಂದು ಹಳದಿ, ಅವರ ಮಾತಿನ ಭಂಡಾರವೆಲ್ಲ ಅಷ್ಟೇ. ಭಾವನ ಮಾತಿನ ಹೊಳೆ ಅಪ್ಪನ ಮುಂದೆ ಬಂದರೆ ತಾನೇ ಬತ್ತಿಹೋಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಅಪ್ಪ ಅವರನ್ನು ಬಾಯಿ ತುಂಬ ಏನೆಂದೂ ಕರೆದವರಲ್ಲ. "ಬಂದ್ರಾ?" ಎಂಬಲ್ಲಿಗೆ ಸಂಬಂಧ ಮುಗಿಯುತ್ತಿತ್ತು.

ಅಂದು ಭಾವನಿಗೆ ತಡೆಯಲಾಗಲಿಲ್ಲ. "ಮಾವ, ಈಗ ನಾನು ಪುಟ ಕಟ್ಟೋದು ಬಿಟ್ಟೆ. ಪುಟ ಕಟ್ಟೋ ಏಜೆಂಟರಿಗೆ ಪಾಠ ಹೇಳಿಕೊಡ್ತಿದೀನಿ" ಅಂದರು.

"ಏಜೆಂಟು ಅಂದ್ರೆ?"

"ಕಂಪ್ಯೂಟರೊಳಗೇ ಇರ್ತಾರೆ. ಕೆಲಸ ಹೇಳಿದ್ರೆ ಸಾಕು, ಬೇಕಾದ ಟೂಲು ತಾವೇ ಆರಿಸಿಕೊಂಡು ಪುಸ್ತಕಾನೇ ಕಟ್ಟಿಬಿಡ್ತಾರೆ. ಯಾವ ಟೂಲು ಯಾತಕ್ಕೆ ಅಂತ ಅವರಿಗೆ ಹೇಳಿಕೊಡೋ ಜವಾಬ್ದಾರಿ ನಂದು."

ಅಪ್ಪ ತುತ್ತು ಕೈಯಲ್ಲೇ ಹಿಡಿದು ಬಹಳ ಹೊತ್ತು ಭಾವನನ್ನು ನೋಡಿದರು. ಆಮೇಲೆ ಎದ್ದು ಕೈ ತೊಳೆದು, ಒಳಗಿನಿಂದ ಒಂದು ಕಟ್ಟು ಹಾಳೆ ತಂದು ಮೇಜಿನ ಮೇಲೆ ಇಟ್ಟರು.

"ಅಳಿಯಂದಿರೇ, ಇದನ್ನ ನೀವೇ ಮಾಡಿಸಿಕೊಡಿ."

ಅಳಿಯಂದಿರೇ! ಅಕ್ಕನ ಕೈಯಿಂದ ಸೌಟು ಜಾರಿತು. ಭಾವ ಕುರ್ಚಿಯಿಂದ ಅರ್ಧ ಎದ್ದು, ಕೂರಬೇಕೋ ನಿಲ್ಲಬೇಕೋ ತಿಳಿಯದೆ ಹಾಗೇ ನಿಂತರು.

ಆ ಹಾಳೆಗಳಲ್ಲಿ ಇದ್ದದ್ದು ನಮ್ಮ ಅಮ್ಮ. ಅಮ್ಮ ತೀರಿಹೋದ ಮೇಲೆ ಅಪ್ಪ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು, ಮಲಗುತ್ತಾರೆಂದು ನಾವು ಅಂದುಕೊಂಡಿದ್ದೆವು. ಅವರು ಬರೆಯುತ್ತಿದ್ದರು. "ಇದ್ದಾಗ ಅವಳಿಗೆ ಒಂದು ಮಾತೂ ಹೇಳ್ಲಿಲ್ಲ. ಅವಳ ಅಕ್ಕತಂಗಿಯರಾದ್ರೂ ಓದಲಿ" ಅಂದರು. ಮುಂದಿನ ವಾರದ ಭಾನುವಾರ ಅಮ್ಮ ಹುಟ್ಟಿದ ದಿನ. ಗ್ರಂಥಾಲಯದ ಸಣ್ಣ ಹಾಲಿನಲ್ಲಿ ಅವಳ ಅಕ್ಕತಂಗಿಯರನ್ನೂ ಗೆಳತಿಯರನ್ನೂ ಕರೆದು ಒಬ್ಬೊಬ್ಬರ ಕೈಗೂ ಪುಸ್ತಕ ಕೊಡಬೇಕೆಂಬುದು ಅಪ್ಪನ ಆಸೆ. ಅಪ್ಪನಿಗೆ ಆಸೆಯೆಂಬುದು ಇದೆಯೆಂದು ನಮಗೆ ಗೊತ್ತಾಗಿದ್ದೇ ಅಂದು.

"ಅಕ್ಷರ ದೊಡ್ಡದಿರಲಿ, ಅವರಿಗೆಲ್ಲ ಕಣ್ಣು ಮಂಜು. ಫೋಟೋ ಒಂದೇ ಇರೋದು, ಚೆನ್ನಾಗಿ ಕಾಣಲಿ." ಇಷ್ಟು ಹೇಳಿ ಅಪ್ಪ ಮತ್ತೆ ಊಟಕ್ಕೆ ಕೂತರು.

ಕ್ಯಾಮೆರಾ ಕಂಡರೆ ಅಮ್ಮ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಳು. ಆ ಒಂದು ಫೋಟೋದಲ್ಲಿ ಮಾತ್ರ ರೈಲ್ವೆ ಪ್ಲಾಟ್‌ಫಾರ್ಮಿನ ಉದ್ದನೆಯ ಬೆಂಚಿನ ತುದಿಯಲ್ಲಿ ಕೂತು ಮನಸ್ಸು ಬಿಚ್ಚಿ ನಕ್ಕಿದ್ದಾಳೆ.

ಇತ್ತ ಏಜೆಂಟು ಕೆಲಸಕ್ಕೆ ಇಳಿಯಿತು. ಮೊದಲು ಸಿಕ್ಕಿಬಿದ್ದವರು ಹಲ್ಲಿನ ಡಾಕ್ಟರು. ಅವರ ಔಷಧ ಚೀಟಿಯ ಪುಸ್ತಕ ಅಚ್ಚಾಗಿ ಬಂದಾಗ ಹಾಳೆಯ ತುಂಬ ಹೂಬಳ್ಳಿ, ನಟ್ಟನಡುವೆ ಹೆಬ್ಬೆರಳು ಒತ್ತುವಷ್ಟು ಜಾಗ. ಡಾಕ್ಟರು ಎಲೆಗಳ ಸಂದಿಯಲ್ಲಿ ಹೇಗೋ ಔಷಧ ಬರೆದು ಕಳಿಸಿದರು. ಆ ರೋಗಿ ನನ್ನ ಅಂಗಡಿಗೆ ಬರಲೇ ಇಲ್ಲ. ಚೀಟಿ ಚೆನ್ನಾಗಿದೆಯೆಂದು ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದ್ದಾನೆಂದು ಆಮೇಲೆ ತಿಳಿಯಿತು.

ಎರಡನೆಯದು ನೀರು ಸರಬರಾಜು ಕಚೇರಿಯ ಪ್ರಕಟಣೆ. ಬುಧವಾರ ಇಡೀ ದಿನ ನೀರು ಬರುವುದಿಲ್ಲ, ಜನ ಸಹಕರಿಸಬೇಕು ಎಂಬಷ್ಟೇ ವಿಷಯ. ಗೋಡೆಗಳ ಮೇಲೆ ಅಂಟಿಸಿದಾಗ ದೂರದಿಂದ ಕಂಡದ್ದು ಬಳ್ಳಿ, ಬಳ್ಳಿಯ ಮಧ್ಯೆ ಕಚೇರಿಯ ಹೆಸರು, 'ಬುಧವಾರ' ಎಂಬ ತಲೆಬರಹ. ಮಿಕ್ಕಿದ್ದು ಇರುವೆ ಸಾಲು. ಹೊಸ ಕಟ್ಟಡದ ಉದ್ಘಾಟನೆ ಇರಬೇಕೆಂದು ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ಬುಧವಾರ ಆ ಕಚೇರಿಗೆ ಹೊರಟರು. ನೀರಿಲ್ಲದೆ ಸ್ನಾನ ಮಾಡದೆ ಕೂತಿದ್ದ ಸಾಹೇಬರ ಕೈಗೆ ಹಿರಿಯರೊಬ್ಬರು ಹೂಗುಚ್ಛ ಕೊಟ್ಟು, "ನಿಮ್ಮಿಂದ ಇನ್ನೂ ಇಂಥ ಕೆಲಸಗಳಾಗಲಿ" ಎಂದು ಹಾರೈಸಿದರಂತೆ.

ಸಾಹೇಬರು ಆ ಹೂಗುಚ್ಛ ಹಿಡಿದುಕೊಂಡೇ ಮುದ್ರಣಾಲಯಕ್ಕೆ ನುಗ್ಗಿದರು. ಯಜಮಾನರು ಮೇಜಿನ ಕೆಳಗೆ ಏನೋ ಹುಡುಕುವವರಂತೆ ಬಗ್ಗಿದವರು ಮೇಲೆ ಏಳಲಿಲ್ಲ. ಭಾವ ಮುಂದೆ ಬಂದು ಕೈಜೋಡಿಸಿ, "ನಗರದ ದಾಹ ತೀರಿಸುವ ಮಹನೀಯರು..." ಎಂದು ಪ್ರಾರಂಭಿಸಿದರು.

"ಏನ್ರೀ ಇದು? ನೀರಿಲ್ಲ ಅನ್ನೋದನ್ನ ಹೂವಿನ ಬಳ್ಳೀಲಿ ಹೇಳ್ತಾರೇನ್ರೀ?"

"ಕೆಟ್ಟ ಸುದ್ದೀನ ಮೆತ್ತಗೆ ಹೇಳಬೇಕು ಅಂತ..."

"ಮೆತ್ತಗೆ ಹೇಳಿ, ಬೇಡ ಅನ್ನಲ್ಲ. ಕಾಣೋ ಹಾಗೆ ಹೇಳಿ! ಬೆಳಗ್ಗೆಯಿಂದ ನಾನು ಹನ್ನೊಂದು ಜನರ ಹತ್ರ ಕೈ ಕುಲುಕಿದೀನಿ!"

ಅವರು ಹೋದ ಮೇಲೆ ಭಾವ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ತಪ್ಪು ಎಲ್ಲಿದೆಯೆಂದು ಅವರಿಗೆ ಗೊತ್ತಾಗಿಬಿಟ್ಟಿತ್ತು.

"ಮರ್ಯಾದೆ ಸಾಲ್ಲಿಲ್ಲ ಕಣಯ್ಯಾ. ಗುರುಗಳ ಬಳ್ಳೀನ ಬರೀ ನಾಲ್ಕು ಸಾಲಲ್ಲಿ ಮುಗಿಸಿದೀನಿ. ಅದಕ್ಕೇ ಮುನಿಸಿಕೊಂಡು ಎಲ್ಲದಕ್ಕೂ ಅಡ್ಡ ಬರ್ತಿದೆ."

"ಭಾವ, ಆ ಕಂಪನಿ ಹುಡುಗೀನ ಒಂದು ಮಾತು ಕೇಳಬಾರದಾ?"

"ಪಾಪ, ಚಿಕ್ಕ ಹುಡುಗಿ. ಸನ್ಮಾನಪತ್ರ ನೋಡಿರೋಳೇ?"

ಹೋಗಿ ಬಳ್ಳಿಗೆ ಇನ್ನೂ ಆರು ಸಾಲು ಹೊಗಳಿಕೆ ಸೇರಿಸಿದರು. ಏಜೆಂಟಿಗೂ ಬೇಸರವಾಗಬಾರದೆಂದು ಎಲ್ಲಕ್ಕಿಂತ ಮೇಲೆ 'ಪುಟಲೋಕದ ಚಕ್ರವರ್ತಿಗಳಾದ ತಮ್ಮ ಸನ್ನಿಧಿಗೆ' ಎಂದು ಬರೆದರು. ಮರುದಿನ ಹಿಂದಿನ ಬೀದಿಯವರೊಬ್ಬರು ತಮ್ಮ ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ಮಾಡಿಸಿಕೊಂಡು ಹೋದರು. ಹೂಬಳ್ಳಿಯ ಸಂಭ್ರಮ ನೋಡಿ ಆ ದಿನ ಮೂವರು ಗೇಟು ತೆಗೆದು ಒಳಗೆ ಹೋದರು. ನನ್ನ ಅಂಗಡಿಯ ಬ್ಯಾಂಡೇಜು ಖಾಲಿಯಾಯಿತು, ಆ ಮಟ್ಟಿಗೆ ನಾನು ಏಜೆಂಟನ್ನು ದೂರುವಂತಿಲ್ಲ.

ಶುಕ್ರವಾರ ಬೆಳಗ್ಗೆ ಅಪ್ಪನ ಪುಸ್ತಕದ ಪ್ರೂಫು ಬಂತು. ಶನಿವಾರ ಅಚ್ಚಾಗಬೇಕು. ಭಾವ ತಾವು ಕಣ್ಣಾಡಿಸುವ ಮೊದಲೇ, ಚಕ್ರವರ್ತಿಗಳ ಮೇಲಿನ ನಂಬಿಕೆಯಿಂದ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರ ನಮ್ಮ ಮನೆಗೆ ತಂದರು. ಅಕ್ಕನೂ ಜೊತೆಗಿದ್ದಳು.

ಅಪ್ಪ ಕನ್ನಡಕ ಹಾಕಿಕೊಂಡು ತೆರೆದರು. ಪುಟದ ತುಂಬ ಬಳ್ಳಿ. ತಿರುಗಿಸಿದರು, ಮತ್ತೆ ಬಳ್ಳಿ. ಅವರು ಅಷ್ಟು ಮಧ್ಯಾಹ್ನಗಳಲ್ಲಿ ಬರೆದದ್ದೆಲ್ಲ ಎಲೆಗಳ ಮಧ್ಯೆ ಸಾಸಿವೆ ಚೆಲ್ಲಿದಂತೆ ಕಾಣುತ್ತಿತ್ತು. ಒಳಗೆ ಹೋಗಿ ಭೂತಗನ್ನಡಿ ತಂದರು. ಒಂದೊಂದೇ ಪುಟ ತಿರುಗಿಸುತ್ತಾ ಕೊನೆಗೆ ಬಂದು ಒಂದು ಕಡೆ ಭೂತಗನ್ನಡಿ ನಿಲ್ಲಿಸಿದರು. ಅಂಚೆಚೀಟಿಯಷ್ಟು ಅಗಲದಲ್ಲಿ ಅಮ್ಮ ಕೂತಿದ್ದಳು. ನಗುತ್ತಿದ್ದಾಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಭಾವನ ಮುಖ ಬಿಳಿಚಿಕೊಂಡಿತು. ಬೈದರೆ ಸಾಕು ಎಂದು ಕಾಯುತ್ತಾ ನಿಂತರು. ಅಪ್ಪ ಬೈಯಲಿಲ್ಲ. ಪ್ರೂಫನ್ನು ಜೋಪಾನವಾಗಿ ಲಕೋಟೆಯೊಳಗೆ ಇಟ್ಟು, "ಪರವಾಗಿಲ್ಲ. ಅವಳಿಗೆ ಹೂವು ಇಷ್ಟ ಇತ್ತು" ಅಂದರು.

ಅಳಿಯಂದಿರೇ ಅನ್ನಲಿಲ್ಲ.

ಭಾವ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬೀದಿಗೆ ಇಳಿದರು. ಹಿಂದೆ ಚಪ್ಪಲಿ ಹಿಡಿದುಕೊಂಡು ಅಕ್ಕ, ಅವಳ ಹಿಂದೆ ನಾನು. ಮುದ್ರಣಾಲಯಕ್ಕೆ ಹೋದವರೇ ಭಾವ ಕಂಪ್ಯೂಟರಿನ ಮುಂದೆ ಕೂತು, ಜೀವನದಲ್ಲಿ ಮೊದಲ ಸಲ ಯಾವ ಬಿರುದೂ ಇಲ್ಲದೆ ಏಜೆಂಟನ್ನು ಕೇಳಿದರು: ಯಾಕೆ ಹೀಗೆ ಮಾಡಿದೆ?

ಪರದೆಯ ಮೇಲೆ ಉತ್ತರ ಮೂಡಿತು. 'ತಾವು ಹೇಳಿದಂತೆ ಮೊದಲು ಅಕ್ಷರಗಳನ್ನು ದೊಡ್ಡದಾಗಿಯೇ ಇಟ್ಟಿದ್ದೆ. ಬಳ್ಳಿಯ ಅಂಚು ಹಾಕಿದ ಮೇಲೆ ಜಾಗ ಸಾಲಲಿಲ್ಲ. ಪುಟ ಸೇರಿಸೋಣವೆಂದರೆ ಅದನ್ನು ದೂರವಿಡಬೇಕು ಎಂದು ವಿವರಣೆಯಲ್ಲಿದೆ. ಅಂಚನ್ನು ರದ್ದು ಮಾಡೋಣವೆಂದರೆ ಅದು ಸಭ್ಯರ ಲಕ್ಷಣವಲ್ಲ ಎಂದಿದೆ. ಆದ್ದರಿಂದ ಅಕ್ಷರವನ್ನೂ ಚಿತ್ರವನ್ನೂ ಕುಗ್ಗಿಸಿದೆ. ಇದು ಸರಿಯೇ ಎಂಬ ಅನುಮಾನ ಪ್ರತಿ ಪುಟದಲ್ಲೂ ಇತ್ತು.'

"ಅನುಮಾನ ಇದ್ದಿದ್ರೆ ನನ್ನನ್ನ ಕೇಳಬಾರದಿತ್ತೇ?" ಭಾವ ಬಾಯಲ್ಲಿ ಹೇಳುತ್ತಲೇ ಬೆರಳಲ್ಲಿ ಹೊಡೆದರು.

'ಕೇಳುವ ಟೂಲಿನ ವಿವರಣೆ ನೋಡಿದೆ. ಇವನಿಂದ ಆಗುವಂಥದ್ದೇನೂ ಇಲ್ಲ ಎಂದು ಬರೆದಿತ್ತು. ನಂಬಿದೆ.'

ಅಕ್ಕ ಮುಂದೆ ಬಂದು, "ಏನೇನು ಬರೆದಿದೀರಿ, ಎಲ್ಲಾ ಓದಿ" ಅಂದಳು.

ಭಾವ ಓದಿದರು. ಬಳ್ಳಿಯ ಕರಕಮಲಕ್ಕೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಸಹನಾಮೂರ್ತಿಗೆ ಕುರ್ಚಿ ಹಿಡಿದುಕೊಂಡಳು. ಸಭ್ಯರ ಲಕ್ಷಣ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು. ಕೊನೆಯ ಟೂಲಿಗೆ ಬಂದಾಗ ಮಾತ್ರ ಅವಳ ನಗು ನಿಂತುಹೋಯಿತು. ಕಣ್ಣೊರೆಸಿಕೊಂಡು ಎದ್ದಳು.

"ರೀ, ನಿಮ್ಮನ್ನ ತರಕಾರಿಗೆ ಕಳಿಸೋವಾಗ ನಾನು ಏನು ಹೇಳಿ ಕಳಿಸ್ತೀನಿ?"

ಭಾವ ಪಾಠ ಒಪ್ಪಿಸಿದರು. "ಟೊಮೇಟೊ ಅರ್ಧ ಕಿಲೋ. ಗಟ್ಟಿ ಇರೋದು. ಮೆತ್ತಗಿದ್ರೆ ಬೇಡ. ಅದರ ಬದಲಿಗೆ ಬೇರೆ ಏನೂ ತರ್ಬೇಡಿ. ಅನುಮಾನ ಬಂದ್ರೆ ಅಲ್ಲಿಂದಲೇ ಫೋನ್ ಮಾಡಿ."

"ಯಾಕೆ ಹಾಗೆ ಹೇಳ್ತೀನಿ?"

"ಒಂದು ಸಲ ಟೊಮೇಟೊ ಚೆನ್ನಾಗಿಲ್ಲ ಅಂತ ಛತ್ರಿ ತಂದಿದ್ದೆ."

"ನಾನು ಅಷ್ಟೆಲ್ಲ ಹೇಳೋ ಬದಲು, 'ಸಕಲ ತರಕಾರಿಗಳ ಒಡೆಯರೇ, ಹೋಗಿ ಬನ್ನಿ' ಅಂತ ಕಳಿಸಿದ್ರೆ?"

ಭಾವ ಯೋಚಿಸಿದರು. ಅಂಥ ಮನೆಯಲ್ಲಿ ಎಷ್ಟು ಛತ್ರಿಗಳಿರುತ್ತಿದ್ದವೆಂದು ಲೆಕ್ಕ ಹಾಕುತ್ತಿರುವಂತೆ ಕಂಡಿತು. ಆಮೇಲೆ ತಲೆ ಮೇಲೆ ಕೈ ಹೊತ್ತುಕೊಂಡು, "ಅಯ್ಯೋ" ಅಂದರು.

ಅಲ್ಲಿಂದ ಮಧ್ಯಾಹ್ನದವರೆಗೂ ಗಂಡ ಹೆಂಡತಿ ಕೂತು ಹೊಸದಾಗಿ ಬರೆದರು. ಅಕ್ಕ ಕೇಳುವುದು, ಭಾವ ಹೇಳುವುದು. ಇದು ಏನು ಮಾಡುತ್ತದೆ? ಏನು ಮಾಡುವುದಿಲ್ಲ? ಯಾವಾಗ ಬೇಕು? ಯಾವಾಗ ಬೇಡ? ಭಾವನಿಗೆ ಒಂದೊಂದು ಬಿರುದು ಕಳಚುವಾಗಲೂ ಹಲ್ಲು ಕಿತ್ತಷ್ಟು ನೋವು. 'ಬಳ್ಳಿಯ ಅಂಚು: ಪುಟದ ನಾಲ್ಕೂ ಕಡೆ ಹೂಬಳ್ಳಿ ಹಾಕುತ್ತದೆ. ಸನ್ಮಾನಪತ್ರಕ್ಕೆ ಬಳಸಿ. ಪುಸ್ತಕ, ಪ್ರಕಟಣೆ, ಎಚ್ಚರಿಕೆಯ ಫಲಕಕ್ಕೆ ಬೇಡ. ಅಕ್ಷರದ ಜಾಗ ತಿನ್ನುತ್ತದೆ' ಎಂದು ಬರೆದು, "ಗುರುಗಳೇ, ಕ್ಷಮಿಸಿ" ಎಂದು ಗೋಡೆಯ ಕಡೆಗೆ ಕೈಮುಗಿದರು. 'ಕುಗ್ಗಿಸುವುದು: ಅಕ್ಷರವನ್ನೋ ಚಿತ್ರವನ್ನೋ ಚಿಕ್ಕದು ಮಾಡುತ್ತದೆ. ಓದುವವರಿಗೆ ಕಷ್ಟವಾಗುವಷ್ಟು ಕುಗ್ಗಿಸಬೇಡಿ. ಜಾಗ ಸಾಲದಿದ್ದರೆ ಮೊದಲು ಪುಟ ಸೇರಿಸಿ.' ಪುಟ ಸೇರಿಸುವುದನ್ನು ಓದುವಾಗ, ಅಲ್ಲಿಯವರೆಗೂ ಬಾಗಿಲಲ್ಲಿ ಇಣುಕುತ್ತಿದ್ದ ಯಜಮಾನರು ಸಣ್ಣಗೆ ಕೆಮ್ಮಿದರು. ಅಕ್ಕ ತಿರುಗಿ ನೋಡಿದಳು, ಕೆಮ್ಮು ವಾಸಿಯಾಯಿತು.

ಕಡೆಗೆ ಉಳಿದದ್ದು ಆ ಟೂಲು. ಭಾವನ ಕೈ ಓಡಲಿಲ್ಲ.

"ನನ್ನಿಂದ ಏನಾಗುತ್ತೆ ಅಂತ ಬರೀಲಿ?"

"ಏಳಿ" ಅಂದಳು ಅಕ್ಕ. ಕೀಲಿಮಣೆಯ ಮುಂದೆ ತಾನೇ ಕೂತು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೊಡೆದಳು. ನಾವಿಬ್ಬರೂ ಹಿಂದೆ ನಿಂತು ಓದಿದೆವು. 'ಇದು ಪುಟ ಕಟ್ಟುವವರನ್ನು ಕೇಳುವ ಟೂಲು. ಹಾಳೆಯ ಮೇಲೆ ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಇವರಿಗೆ ಗೊತ್ತು. ಚಿತ್ರದಲ್ಲಿ ಇರುವವರು ಮನೆಯವರಿಗೆ ಎಷ್ಟು ಬೇಕಾದವರು ಎಂದು ಗೊತ್ತು. ಗೊತ್ತಿಲ್ಲದ್ದನ್ನು ಬೇರೆಯವರನ್ನು ಕೇಳಿ ಹೇಳುತ್ತಾರೆ. ಅನುಮಾನ ಬಂದಾಗಲೆಲ್ಲ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಇವತ್ತಿನವರೆಗೂ ಮಾಡಿಕೊಂಡಿಲ್ಲ. ಲೆಕ್ಕದ ವಿಷಯ ಮಾತ್ರ ಕೇಳಬೇಡಿ.'

ಊರಿನ ಅರ್ಧ ಜನಕ್ಕೆ ಬಿರುದು ಹಂಚಿದ ನಮ್ಮ ಭಾವನ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆದದ್ದು ಅದೇ ಮೊದಲು. ಅವರು ಕಿಟಕಿಯ ಕಡೆಗೆ ತಿರುಗಿ, ಕಣ್ಣಿಗೆ ಶಾಯಿ ಬಿದ್ದಿತೆಂದು ಸುಳ್ಳು ಹೇಳಿದರು. ಕಂಪ್ಯೂಟರಿನಲ್ಲಿ ಶಾಯಿ ಎಲ್ಲಿಂದ ಬರಬೇಕು, ನಾನೂ ಕೇಳಲಿಲ್ಲ, ನನ್ನ ಕಣ್ಣೂ ಅಷ್ಟು ಸರಿಯಾಗಿರಲಿಲ್ಲ.

ಪುಸ್ತಕವನ್ನು ಮತ್ತೆ ಏಜೆಂಟಿಗೆ ಕೊಟ್ಟೆವು. ಅಕ್ಷರ ದೊಡ್ಡದಾಯಿತು, ಪುಟಗಳು ಬೆಳೆದವು. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಟಿಣ್ ಅಂದಿತು. ಭಾವ ಬೆಚ್ಚಿಬಿದ್ದರು. ಏಜೆಂಟು ಅವರನ್ನು ಕರೆದಿತ್ತು.

'ಒಂದು ಅನುಮಾನ. ಕೊನೆಯ ಪುಟದ ಚಿತ್ರದಲ್ಲಿ ಮಹಿಳೆ ಬೆಂಚಿನ ಒಂದು ತುದಿಯಲ್ಲಿದ್ದಾರೆ. ಪಕ್ಕದಲ್ಲಿ ಬಹಳ ಜಾಗ ಖಾಲಿ ಇದೆ. ಖಾಲಿ ಬೆಂಚನ್ನು ಕತ್ತರಿಸಿದರೆ ಮುಖ ದೊಡ್ಡದಾಗಿ ಕಾಣುತ್ತದೆ. ಕತ್ತರಿಸಲೇ?'

"ಕತ್ತರಿಸು ಅನ್ನಿ ಭಾವ, ಅಮ್ಮನ ಮುಖ ಚೆನ್ನಾಗಿ ಕಾಣಲಿ" ಅಂದೆ ನಾನು. ಅಕ್ಕನೂ ಹೌದು ಅಂದಳು. ಭಾವ ಉತ್ತರ ಹೊಡೆಯಲು ಕೈ ಎತ್ತಿದವರು ಹಾಗೇ ನಿಲ್ಲಿಸಿದರು.

"ನನಗೆ ಗೊತ್ತಿಲ್ಲ" ಅಂದರು. ಫೋನ್ ತೆಗೆದು ಅಪ್ಪನಿಗೆ ಮಾಡಿದರು. ಬಿರುದಿಲ್ಲ, ಪೀಠಿಕೆಯಿಲ್ಲ. "ಮಾವ, ಫೋಟೋದಲ್ಲಿ ಅತ್ತೆಯವರ ಪಕ್ಕ ಬೆಂಚು ಖಾಲಿ ಇದೆ. ಅದನ್ನ ತೆಗೀಬಹುದಾ?"

ಅಪ್ಪನ ದನಿ ನಮಗೂ ಕೇಳಿಸಿತು.

"ತೆಗೀಬೇಡಿ. ಅಲ್ಲಿ ನಾನು ಕೂತಿದ್ದೆ. ಫೋಟೋ ಹಿಡಿಯೋಕೆ ಅಂತ ಎದ್ದೆ."

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಭಾವ, "ಇಡೀ ಬೆಂಚು ಇರಲಿ ಮಾವ. ಪೂರ್ತಿ ಪುಟ ಕೊಡ್ತೀನಿ. ಆ ಒಂದು ಪುಟಕ್ಕೆ ಮಾತ್ರ ಸಣ್ಣ ಬಳ್ಳಿ ಹಾಕ್ಲಾ? ಅತ್ತೆಯವರಿಗೆ ಹೂವು ಇಷ್ಟ ಅಂದ್ರಲ್ಲ" ಎಂದು ಕೇಳಿದರು.

"ಹಸಿರು" ಅಂದರು ಅಪ್ಪ.

ಭಾನುವಾರ ಗ್ರಂಥಾಲಯದ ಹಾಲಿನಲ್ಲಿ ಅಮ್ಮನ ಅಕ್ಕತಂಗಿಯರು ಒಂದೇ ಸಾಲಿನಲ್ಲಿ ಕೂತು, ಕನ್ನಡಕ ಹುಡುಕುವ ತಾಪತ್ರಯವಿಲ್ಲದೆ ಪುಸ್ತಕ ಓದಿದರು. ಒಬ್ಬರು ಓದಿದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ನಗುವುದು, ಮೂಗು ಒರೆಸಿಕೊಳ್ಳುವುದು. "ಇಷ್ಟೆಲ್ಲ ಇವರ ಹೊಟ್ಟೆಯೊಳಗೆ ಇತ್ತಾ?" ಎಂದು ದೊಡ್ಡಮ್ಮ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದರು. ಅಪ್ಪ ಕಿವಿ ಕೇಳಿಸದವರಂತೆ ಸೀಲಿಂಗ್ ಫ್ಯಾನು ನೋಡುತ್ತಿದ್ದರು.

ಅಪ್ಪನನ್ನು ಸಭೆಗೆ ಪರಿಚಯಿಸಲು ಭಾವ ಎದ್ದಾಗ ನಮ್ಮ ಬೀದಿಯವರೆಲ್ಲ ಕುರ್ಚಿಯಲ್ಲಿ ಅನುಕೂಲ ಮಾಡಿಕೊಂಡು ಕೂತರು. ಹಲ್ಲಿನ ಡಾಕ್ಟರು ನೀರಿನ ಬಾಟಲಿ ತೆಗೆದಿಟ್ಟುಕೊಂಡರು.

"ಇವರು ನಮ್ಮ ಮಾವ. ಮಾತು ಕಡಿಮೆ. ಈ ಪುಸ್ತಕ ಇವರೇ ಬರೆದದ್ದು" ಎಂದು ಹೇಳಿ ಭಾವ ಕೂತುಬಿಟ್ಟರು. ಜನ ಮುಂದಿನದಕ್ಕೆ ಕಾದರು. ಬರಲಿಲ್ಲ. ಗಂಟಲು ಕಟ್ಟಿರಬೇಕೆಂದು ಡಾಕ್ಟರು ನೀರಿನ ಬಾಟಲಿಯನ್ನು ಭಾವನಿಗೇ ಕಳಿಸಿದರು.

ಆಮೇಲೆ ಅಪ್ಪ ಎದ್ದು ನಿಂತರು. ಇದು ಕಾರ್ಯಕ್ರಮದಲ್ಲಿ ಇರಲಿಲ್ಲ. ಭಾವನ ಕಡೆಗೆ ಕೈ ತೋರಿಸಿ, "ಇವರು ನಮ್ಮ ಅಳಿಯಂದಿರು" ಅಂದರು. ಇನ್ನೂ ಏನೋ ಹೇಳುವುದಿತ್ತು. ಹಣೆಯ ಮೇಲೆ ಬೆವರು ಕಾಣಿಸಿತು. ನನ್ನ 'ವೈದ್ಯಲೋಕ' ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ, "ಪುಟಲೋಕದ..." ಎಂದವರು ಅಲ್ಲೇ ನಿಂತುಹೋದರು. ಜೀವಮಾನದಲ್ಲಿ ಯಾರನ್ನೂ ಹೊಗಳಿ ಗೊತ್ತಿಲ್ಲ, ದಾರಿ ಗೊತ್ತಾಗಲಿಲ್ಲ. ಸುತ್ತ ನೋಡಿದರು. ಕೊನೆಗೆ ಬಗ್ಗಿ ಭಾವನನ್ನೇ ಕೇಳಿದರು.

"ಏನಂತಾರೆ ಅದಕ್ಕೆ?"

"ಬೆನ್ನೆಲುಬು ಮಾವ" ಎಂದು ಭಾವ ಅಭ್ಯಾಸಬಲದಿಂದ ಎತ್ತಿಕೊಟ್ಟರು. ಹೇಳಿದ ಮೇಲೆ ಹೊಳೆಯಿತು, ಮುಖ ಮುಚ್ಚಿಕೊಂಡರು.

"ಬೆನ್ನೆಲುಬು" ಅಂದರು ಅಪ್ಪ, ಸ್ಪಷ್ಟವಾಗಿ, ಇಡೀ ಹಾಲಿಗೆ ಕೇಳುವಂತೆ.

ದೊಡ್ಡಮ್ಮನ ನಗು ಮೊದಲು ಎದ್ದಿತು, ಅದರ ಹಿಂದೆ ಚಪ್ಪಾಳೆ. ನಮ್ಮ ಅಪ್ಪನೂ ನಕ್ಕರು. ಫೋಟೋ ತೆಗೆಯಲು ಯಾರಿಗೂ ತೋಚಲಿಲ್ಲ.

ಮನೆಗೆ ಹೊರಟಾಗ ಅಕ್ಕ ಭಾವನ ಕೈಗೆ ಚೀಲ ಕೊಟ್ಟಳು. "ಬೆನ್ನೆಲುಬಿನೋರೇ, ಟೊಮೇಟೊ ಅರ್ಧ ಕಿಲೋ. ಗಟ್ಟಿ ಇರೋದು. ಬೇರೆ ಏನೂ ಬೇಡ. ಅನುಮಾನ ಬಂದ್ರೆ ಫೋನ್ ಮಾಡಿ."

ಭಾವ ಫೋನ್ ಮಾಡಲಿಲ್ಲ. ಅವರಿಗೆ ಯಾವ ಅನುಮಾನವೂ ಬಂದಿರಲಿಲ್ಲ. ಟೊಮೇಟೊ ಗಟ್ಟಿಯಾಗಿಯೇ ಇತ್ತು. ಛತ್ರಿಯೂ ಚೆನ್ನಾಗಿತ್ತು.